ಎರಡನೇ ಬ್ಯಾಟರಿ ಏಕೆ ತುಂಬುವುದಿಲ್ಲ?

ಕಾಡುಮೇಡುಗಳಲ್ಲಿ ಓಡಾಡುವ ಜೀಪಿನಂತಹ ವಾಹನಗಳಿಗೆ ಎರಡನೇ ಬ್ಯಾಟರಿಯನ್ನು ಅಳವಡಿಸುವುದು, ಎಂಜಿನ್ ನಿಂತಿರುವಾಗ ಫ್ರಿಜ್ಜು, ದೀಪಗಳು ಎಷ್ಟೇ ವಿದ್ಯುತ್ ಬಳಸಿದರೂ ಮರುದಿನ ಎಂಜಿನ್ ಚಾಲೂ ಮಾಡಲು ಮೊದಲ ಬ್ಯಾಟರಿ ಸಿದ್ಧವಾಗಿರಲಿ ಎಂಬ ಉದ್ದೇಶದಿಂದ. ಎಂಜಿನ್ ಓಡುವಾಗ ರಿಲೇಯೊಂದು, ಅಂದರೆ ತಾನೇ ಕೆಲಸ ಮಾಡುವ ಸ್ವಿಚ್ಚು, ಎರಡನ್ನೂ ಜೋಡಿಸುತ್ತದೆ, ನಿಂತಾಗ ಬೇರ್ಪಡಿಸುತ್ತದೆ. ಈ ವ್ಯವಸ್ಥೆಯಲ್ಲಿ ಪದೇ ಪದೇ ಕೇಳಿಬರುವ ದೂರು ಒಂದೇ: ದಿನವಿಡೀ ವಾಹನ ಓಡಿಸಿದರೂ ಎರಡನೇ ಬ್ಯಾಟರಿ ರಾತ್ರಿ ಕಳೆಯುವಷ್ಟರಲ್ಲಿ ಖಾಲಿ. ಆಗ ಹೊಸ ಬ್ಯಾಟರಿ ಕೊಳ್ಳುವವರೇ ಹೆಚ್ಚು. ಆದರೆ ದೋಷ ಬ್ಯಾಟರಿಯಲ್ಲಿರದೆ ಅದರವರೆಗಿನ ದಾರಿಯಲ್ಲಿರುವುದು ತೀರಾ ಸಾಮಾನ್ಯ.

ಪೂರ್ತಿ ತುಂಬಿದ ಸೀಸ-ಆಮ್ಲ ಬ್ಯಾಟರಿ ಕೆಲವು ಗಂಟೆ ಸುಮ್ಮನಿದ್ದ ಬಳಿಕ ಸುಮಾರು 12.7 ವೋಲ್ಟ್ ತೋರಿಸುತ್ತದೆ, ಅರ್ಧ ಖಾಲಿಯಾದಾಗ ಸುಮಾರು 12.2. ಎಂಜಿನ್ ಆರಿಸಿದೊಡನೆ ಅಳೆದರೆ 13ರ ಆಸುಪಾಸು ಕಾಣುವುದುಂಟು. ಅದು ಫಲಕಗಳ ಮೇಲ್ಮೈಯಲ್ಲಷ್ಟೇ ನಿಂತ ಚಾರ್ಜು, ಅದನ್ನು ನಂಬಬಾರದು. ಎಂಜಿನ್ ಓಡುವಾಗ ಅದರಿಂದ ತಿರುಗಿ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್ ಸಾಮಾನ್ಯವಾಗಿ 14.2ರಿಂದ 14.4 ವೋಲ್ಟ್ ಒದಗಿಸುತ್ತದೆ. ಎಂದರೆ ಬ್ಯಾಟರಿಯೊಳಕ್ಕೆ ವಿದ್ಯುತ್ತನ್ನು ತಳ್ಳುವ ಅಂತರ ಎರಡು ವೋಲ್ಟಿನ ಆಚೀಚೆಯಷ್ಟೇ; ಅದರಲ್ಲಿ ಅರ್ಧ ವೋಲ್ಟ್ ದಾರಿಯಲ್ಲೇ ಸೋರಿದರೂ ನಷ್ಟ ದೊಡ್ಡದು. ಹೀಗೆ ಅರೆಬರೆ ತುಂಬುತ್ತಲೇ ಉಳಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳುಗಟ್ಟಿ, ಕೊನೆಗೆ ಬ್ಯಾಟರಿಯೂ ನಿಜವಾಗಿಯೇ ಕೆಡುತ್ತದೆ.

ಸೋರಿಕೆಯ ಜಾಗವನ್ನು ಮಲ್ಟಿಮೀಟರ್ ಒಂದರಿಂದಲೇ ಪತ್ತೆಮಾಡಬಹುದು. ಎರಡನೇ ಬ್ಯಾಟರಿ ಸಾಕಷ್ಟು ಖಾಲಿಯಿರುವಾಗ ಎಂಜಿನ್ ಚಾಲೂ ಮಾಡಿ, ಮೀಟರಿನ ಒಂದು ಮೊನೆಯನ್ನು ಮೊದಲ ಬ್ಯಾಟರಿಯ ಧನ ಧ್ರುವಕ್ಕೂ ಇನ್ನೊಂದನ್ನು ಎರಡನೆಯದರ ಧನ ಧ್ರುವಕ್ಕೂ ತಾಗಿಸಬೇಕು. ಮೊನೆಯನ್ನು ಕ್ಲ್ಯಾಂಪಿಗಲ್ಲ, ಸೀಸದ ಧ್ರುವಕ್ಕೇ ಒತ್ತಬೇಕು, ಏಕೆಂದರೆ ಅವೆರಡರ ನಡುವಿನ ತೆಳುವಾದ ಬಿಳಿ ಕಿಲುಬೇ ಎಷ್ಟೋ ಸಲ ಅಪರಾಧಿ. ಮೀಟರ್ ತೋರುವುದು ದಾರಿಯ ಒಟ್ಟು ನಷ್ಟ. ಅದು 0.3 ವೋಲ್ಟ್ ಮೀರಿದರೆ ಕ್ಲ್ಯಾಂಪು, ಫ್ಯೂಸು, ರಿಲೇ, ಕೇಬಲ್ ತುದಿಗೆ ಕೂರಿಸಿದ ಲೋಹದ ಲಗ್ಗು ಎಂದು ತುಂಡುತುಂಡಾಗಿ ಅಳೆಯುತ್ತ ಹೋದರೆ ನಷ್ಟ ಎಲ್ಲಿ ಕುಳಿತಿದೆಯೆಂದು ಗೊತ್ತಾಗುತ್ತದೆ. ಋಣ ಧ್ರುವಗಳ ನಡುವೆಯೂ ಇದನ್ನೇ ಮಾಡಬೇಕು. ಋಣ ತಂತಿಯನ್ನು ವಾಹನದ ಲೋಹದ ಮೈಗೆ ಜೋಡಿಸುವ ಅರ್ತಿಂಗ್ ಬೋಲ್ಟಿನ ಕೆಳಗೆ ಬಣ್ಣ ಕೆರೆಯದೆ ಬಿಟ್ಟಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರವಾಹ ಹರಿಯದಿದ್ದರೆ ನಷ್ಟವೂ ಇಲ್ಲವಾದ್ದರಿಂದ, ತುಂಬಿದ ಬ್ಯಾಟರಿಯ ಮೇಲೆ ಈ ಪರೀಕ್ಷೆ ನಡೆಸಿದರೆ ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತದೆ.

ಕೇಬಲ್ಲಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಹೋಗಿಬರುವ ದಾರಿ ಸೇರಿ 10 ಮೀಟರ್ ಉದ್ದದ, 6 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 30 ಆಂಪಿಯರ್ ಹರಿದರೆ 0.86 ವೋಲ್ಟ್ ಕಳೆದುಹೋಗುತ್ತದೆ. 25 ಚದರ ಮಿಲಿಮೀಟರಿನದಾದರೆ 0.2 ಮಾತ್ರ.

ಇನ್ನು ರಿಲೇ. ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇಗಳು ಸಾಮಾನ್ಯವಾಗಿ 13.3 ವೋಲ್ಟಿನ ಸುಮಾರಿಗೆ ಕೂಡಿಕೊಂಡು 12.8ರ ಸುಮಾರಿಗೆ ಬಿಟ್ಟುಕೊಳ್ಳುತ್ತವೆ. ತೀರಾ ಬರಿದಾದ ಬ್ಯಾಟರಿ ಕೂಡಿದೊಡನೆ ವೋಲ್ಟೇಜ್ ಕುಸಿದು ರಿಲೇ ಬಿಡುತ್ತದೆ, ವೋಲ್ಟೇಜ್ ಏರಿದೊಡನೆ ಮತ್ತೆ ಕೂಡುತ್ತದೆ. ಬಾನೆಟ್ಟಿನೊಳಗಿನ ಟಿಕ್ ಟಿಕ್ ಸದ್ದು ಇದೇ. ಹೀಗೆ ಕಿಡಿ ಹಾರಿ ಹಾರಿ ರಿಲೇಯ ಸಂಪರ್ಕಗಳು ಬೆಸೆದುಕೊಂಡರೆ ಎರಡು ಬ್ಯಾಟರಿಗಳೂ ಒಟ್ಟಿಗೇ ಖಾಲಿಯಾಗುತ್ತವೆ. ಎಂಜಿನ್ ಆರಿಸಿ, ರಿಲೇ ಬಿಡುವಷ್ಟು ಹೊತ್ತು ಕಾದು, ಎರಡನೇ ಬ್ಯಾಟರಿಗೆ ಭಾರೀ ಲೋಡು ಹಾಕಿದಾಗ ಮೊದಲನೆಯದರ ವೋಲ್ಟೇಜೂ ಇಳಿದರೆ ಸಂಪರ್ಕ ಬೆಸೆದಿದೆ ಎಂದೇ ಅರ್ಥ.

ಏನನ್ನು ಅಳೆದರೂ ದೋಷ ಸಿಗದ ಸಂದರ್ಭವೂ ಉಂಟು. ಹಲವು ಹೊಸ ವಾಹನಗಳ ಕಂಪ್ಯೂಟರು, ಮೊದಲ ಬ್ಯಾಟರಿ ತುಂಬಿದೆಯೆನಿಸಿದಾಗ ಇಂಧನ ಉಳಿಸಲು ಆಲ್ಟರ್ನೇಟರಿನ ವೋಲ್ಟೇಜನ್ನು ರಿಲೇ ಬಿಟ್ಟುಕೊಳ್ಳುವ ಮಟ್ಟಕ್ಕಿಂತಲೂ ಕೆಳಕ್ಕಿಳಿಸುತ್ತದೆ. ಇಂತಲ್ಲಿ ರಿಲೇ ಬದಲಿಸುವುದು ವ್ಯರ್ಥ. ಕಡಿಮೆ ವೋಲ್ಟೇಜನ್ನು ಏರಿಸಿ ಕೊಡುವ ಡಿಸಿ-ಡಿಸಿ ಚಾರ್ಜರೇ ಬೇಕು. ಲಿಥಿಯಂ ಬ್ಯಾಟರಿಗೂ ಅದೇ ಸೂಕ್ತ, ಏಕೆಂದರೆ ಆಂತರಿಕ ರೋಧ ಬಹಳ ಕಡಿಮೆಯಿರುವ ಅದು ನೇರವಾಗಿ ಜೋಡಿಸಿದರೆ ಆಲ್ಟರ್ನೇಟರ್ ಕಾದು ಕೆಡುವಷ್ಟು ಪ್ರವಾಹ ಎಳೆಯಬಲ್ಲದು.

ಏನನ್ನೇ ಬಿಚ್ಚುವ ಮೊದಲು ಎರಡೂ ಬ್ಯಾಟರಿಗಳ ಋಣ ತಂತಿಯನ್ನು ತೆಗೆದಿಡಬೇಕು. ನಡುವಿನ ಕೇಬಲ್ಲಿಗೆ ಎರಡೂ ತುದಿಯಿಂದ ವಿದ್ಯುತ್ ಬರುವುದರಿಂದ ಫ್ಯೂಸು ಕೂಡ ಎರಡೂ ತುದಿಯಲ್ಲಿ, ಬ್ಯಾಟರಿಗೆ ಆದಷ್ಟು ಹತ್ತಿರದಲ್ಲಿ ಇರಬೇಕು.