ಕಾರಿಲ್ಲದೆ ನಡೆಯದ ಊರಲ್ಲಿ ಕಾರು ಓಡಿಸುವುದು ತಪ್ಪಾ?

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಆಫೀಸು ಇಪ್ಪತ್ತು ಕಿಲೋಮೀಟರ್ ದೂರ, ಬಸ್ಸು ನಂಬುವ ಹಾಗಿಲ್ಲ, ಮಗುವನ್ನು ಶಾಲೆಗೆ ಬಿಡಬೇಕು. ಕಾರು ಓಡಿಸಿದರೆ ನಾನು ತಪ್ಪು ಮಾಡಿದ ಹಾಗಾ?"

ಇಲ್ಲ ಅಂತಲೇ ನನ್ನ ಉತ್ತರ. ಆದರೆ ಅಷ್ಟಕ್ಕೇ ನಿಮ್ಮ ಹೊಣೆ ಮುಗಿಯುವುದಿಲ್ಲ. ಊರುಗಳು ತಾವಾಗಿ ಹೀಗಾಗಲಿಲ್ಲ, ಯಾರೋ ಕೂತು ತೀರ್ಮಾನ ಮಾಡಿದ್ದಕ್ಕೆ ಹೀಗಾದವು.

ನೂರು ಚಿಲ್ಲರೆ ವರ್ಷಗಳ ಹಿಂದೆ ಬೀದಿ ಎಲ್ಲರದ್ದೂ ಆಗಿತ್ತು. ಮಕ್ಕಳು ಆಡುತ್ತಿದ್ದರು, ತಳ್ಳುಗಾಡಿಯವರು ಮಾರುತ್ತಿದ್ದರು, ಜನ ಬೇಕಾದಲ್ಲಿ ದಾಟುತ್ತಿದ್ದರು. ಅಮೆರಿಕದಲ್ಲಿ 1908ರಲ್ಲಿ ಫೋರ್ಡ್ ಮಾಡೆಲ್ ಟಿ ಬಂತು, 1913ರಿಂದ ಅಸೆಂಬ್ಲಿ ಲೈನ್‌ನಲ್ಲಿ ತಯಾರಾಗಿ ಅಗ್ಗವಾಯಿತು, ನೋಡನೋಡುತ್ತಲೇ ಬೀದಿ ತುಂಬ ಕಾರು, ಅದರ ಜೊತೆಗೇ ಸಾವು. ಸತ್ತವರಲ್ಲಿ ಮಕ್ಕಳು ಬಹಳ. ಜನ ಸುಮ್ನೆ ಕೂರಲಿಲ್ಲ. 1923ರಲ್ಲಿ ಸಿನ್ಸಿನಾಟಿಯ 42,000 ಜನ ಸಹಿ ಹಾಕಿ, ಊರೊಳಗೆ ಕಾರು ಗಂಟೆಗೆ 25 ಮೈಲಿ, ಅಂದರೆ ಸುಮಾರು 40 ಕಿಲೋಮೀಟರ್ ದಾಟದಂತೆ ಎಂಜಿನ್‌ಗೇ ತಡೆ ಕೂರಿಸಿ ಎಂದು ಕೇಳಿದರು. ಅದು ಮತಕ್ಕೆ ಬಂತು. ಕಾರು ಮಾರುವವರು ಜೋರು ಪ್ರಚಾರ ಮಾಡಿದರು. ಜನರ ಬೇಡಿಕೆ ಸೋತಿತು.

ಆಮೇಲೆ ಮಾತಿನ ದಿಕ್ಕೇ ಬದಲಾಯಿತು. ತಪ್ಪು ವೇಗದ್ದಲ್ಲ, ಅಡ್ಡ ಬಂದವನದ್ದು ಎಂದಾಯಿತು. ಬೇಕಾದಲ್ಲಿ ದಾಟುವವನನ್ನು 'ಜೇವಾಕರ್' ಎಂದು ಹಂಗಿಸಿದರು. 'ಜೇ' ಅಂದರೆ ಆಗಿನ ಮಾತಲ್ಲಿ ಪೇಟೆಯ ರೀತಿ ಗೊತ್ತಿಲ್ಲದ ಹಳ್ಳಿಗುಗ್ಗು. ಆ ಬೈಗುಳದ ಬೆನ್ನಿಗೇ ಕಾನೂನು ಬಂತು. ಇಡೀ ಕಥೆಯಲ್ಲಿ ನನಗೆ ಅತಿ ಹೆಚ್ಚು ಸಂಕಟವಾಗುವುದು ಇಲ್ಲೇ. ಮಗನನ್ನು ಕಳೆದುಕೊಂಡ ತಾಯಿಗೆ, ನಿನ್ನ ಮಗನಿಗೆ ರಸ್ತೆ ದಾಟೋಕೆ ಬರುತ್ತಿರಲಿಲ್ಲ ಅಂದ ಹಾಗಾಯಿತು ಅಲ್ವಾ?

ಟ್ರಾಮ್‌ಗಳನ್ನು ಕಾರು ಕಂಪನಿಗಳೇ ಕೊಂದವು ಎಂದು ನೀವು ಕೇಳಿರಬಹುದು. ಅದು ಅರ್ಧ ಸತ್ಯ. 1949ರಲ್ಲಿ ಜನರಲ್ ಮೋಟರ್ಸ್ ಮತ್ತು ಇನ್ನು ಕೆಲವು ಕಂಪನಿಗಳು ತಪ್ಪಿತಸ್ಥರೆಂದು ತೀರ್ಪಾಗಿದ್ದು ನಿಜ, ಆದರೆ ಅದು ಬಸ್ಸು ಮತ್ತು ಅದಕ್ಕೆ ಬೇಕಾದ ಸಾಮಾನಿನ ವ್ಯಾಪಾರವನ್ನು ಮುಷ್ಟಿಯಲ್ಲಿಟ್ಟುಕೊಳ್ಳಲು ಸಂಚು ಮಾಡಿದ್ದಕ್ಕೆ. ಟ್ರಾಮ್ ಅದಕ್ಕೂ ಮೊದಲೇ ಸೊರಗಿತ್ತು: ಟಿಕೆಟ್ ದರ ಏರಿಸಲು ಬಿಡುತ್ತಿರಲಿಲ್ಲ, ಹಳಿಯ ಮೇಲೆಲ್ಲ ಕಾರುಗಳು.

ಜಾಸ್ತಿ ಕೆಲಸ ಮಾಡಿದ್ದು ಸರ್ಕಾರದ ದುಡ್ಡು ಮತ್ತು ನಿಯಮ. ಅಮೆರಿಕದ 1956ರ ಕಾನೂನು 41,000 ಮೈಲಿ ಹೆದ್ದಾರಿಗೆ ಖರ್ಚಿನ ನೂರಕ್ಕೆ 90 ಪಾಲು ಕೇಂದ್ರದಿಂದ ಕೊಟ್ಟಿತು. ಎಷ್ಟೋ ಊರುಗಳಲ್ಲಿ ಅದು ಕಪ್ಪು ಜನರ ಕೇರಿಗಳನ್ನು ಸೀಳಿಕೊಂಡು ಹೋಯಿತು. ಮನೆ ಒಂದು ಕಡೆ, ಅಂಗಡಿ ಇನ್ನೊಂದು ಕಡೆ ಇರಬೇಕು, ಕಟ್ಟಡಕ್ಕೆ ಇಷ್ಟು ಪಾರ್ಕಿಂಗ್ ಇರಲೇಬೇಕು ಎಂಬ ನಿಯಮಗಳು ದೂರವನ್ನು ಇನ್ನೂ ಹಿಗ್ಗಿಸಿದವು. ದೂರ ಹೆಚ್ಚಿದಷ್ಟೂ ಕಾರು ಬೇಕಾಯಿತು, ಕಾರು ಹೆಚ್ಚಿದಷ್ಟೂ ಬಸ್ಸು ಬಡವಾಯಿತು.

ಈಗ ಒಂದು ಸಿಗ್ನಲ್ ನೋಡಿ. ರಸ್ತೆ 20 ಮೀಟರ್ ಅಗಲ. ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅನ್ನುವುದು ಎಂಜಿನಿಯರುಗಳು ಬಹಳ ಕಾಲ ಬಳಸಿದ ಲೆಕ್ಕ, ಅಂದರೆ ಸುಮಾರು 17 ಸೆಕೆಂಡು. ಕೋಲೂರಿ ಸೆಕೆಂಡಿಗೆ 0.8 ಮೀಟರ್ ನಡೆಯುವ ಅಜ್ಜಿಗೆ 25 ಸೆಕೆಂಡು ಬೇಕು. ದೀಪ ಬದಲಾದಾಗ ಆಕೆಗೆ ಇನ್ನೂ ಆರೂವರೆ ಮೀಟರ್ ಬಾಕಿ. ಆಕೆ ಹೆದರಿ ಬೇಗ ಹೆಜ್ಜೆ ಹಾಕುತ್ತಾಳೆ, ಆಗುವುದಿಲ್ಲ, ಹಾರ್ನ್ ಶುರುವಾಗುತ್ತದೆ. ಅನುಕೂಲ ಒಬ್ಬರಿಗೆ, ಅಪಾಯ ಇನ್ನೊಬ್ಬರಿಗೆ, ಆ ಇನ್ನೊಬ್ಬರನ್ನು ಯಾರೂ ಕೇಳಿಯೇ ಇಲ್ಲ. ಅನ್ಯಾಯ ಇರುವುದು ಇದರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 12 ಲಕ್ಷ ಜನ ಸಾಯುತ್ತಾರೆ, ಅರ್ಧಕ್ಕಿಂತ ಹೆಚ್ಚು ಮಂದಿ ನಡೆಯುವವರು, ಸೈಕಲ್ಲಿನವರು, ಬೈಕಿನವರು.

ಇದನ್ನು ತಿರುಗಿಸಲು ಆಗುತ್ತದೆ. ನೆದರ್ಲೆಂಡ್ಸ್‌ನಲ್ಲಿ 1971ರಲ್ಲಿ ಸುಮಾರು 3,300 ಜನ ರಸ್ತೆಯಲ್ಲಿ ಸತ್ತರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ಅಪ್ಪ ಅಮ್ಮಂದಿರು ಬೀದಿಗಿಳಿದರು. ಇಂದು ಅಲ್ಲಿ ಕಾಣುವ ಸೈಕಲ್ ದಾರಿಗಳ ಹಿಂದೆ ಆ ಜಗಳವೂ ಇದೆ.

ಹಾಗಾದರೆ ನಿಮ್ಮ ಪಾಲೇನು? ಓಡಿಸಲೇಬೇಕಾದರೆ ಓಡಿಸಿ, ಮನೆಗಳ ನಡುವೆ 30ರಲ್ಲಿ ಹೋಗಿ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ಕಾರು ನಿಲ್ಲಲು ನಾಲ್ಕರಷ್ಟು ದೂರ ಬೇಕು. ಇನ್ನೊಂದು ಇದಕ್ಕಿಂತ ಕಷ್ಟದ್ದು. ನಿಮ್ಮ ಬೀದಿಯ ಒಂದು ಸಾಲು ಪಾರ್ಕಿಂಗ್ ತೆಗೆದು ಫುಟ್‌ಪಾತ್ ಅಗಲ ಮಾಡುತ್ತೇವೆ ಅಂದಾಗ ಅಡ್ಡ ನಿಲ್ಲಬೇಡಿ. ನೀವು ಆ ಸಭೆಗೆ ಕಾರಲ್ಲೇ ಹೋಗಿ, "ತೆಗೆಯಿರಿ" ಅಂದು ಬಂದರೂ ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ.