ಇಡೀ ಮನುಷ್ಯನ ಆರೈಕೆ: ಕ್ರೈಸ್ತ ನೋಟ, ಮುಖ್ಯವಾಗಿ 'ಒಟ್ಟು ನೋವು' ಬಗ್ಗೆ ಟಿಪ್ಪಣಿ

ಇತಿಹಾಸದ ಭಾಗ ಸುಲಭ, ಬೇಗ ಮುಗಿಸೋಣ. ಸುಮಾರು ಕ್ರಿ.ಶ. 370ರ ಹೊತ್ತಿಗೆ (ಈಗಿನ ಟರ್ಕಿಯಲ್ಲಿರುವ) ಸಿಸೇರಿಯದ ಬಿಷಪ್ ಬಾಸಿಲ್ ಊರ ಹೊರಗೆ ಬಡವರಿಗೆ, ರೋಗಿಗಳಿಗೆ, ಕುಷ್ಠ ಬಂದವರಿಗೆ ದೊಡ್ಡ ಆಶ್ರಯ ಕಟ್ಟಿಸಿದ. ಅಲ್ಲಿ ವೈದ್ಯರೂ ಇದ್ದರು. ಔಷಧಿ ತೆಗೆದುಕೊಂಡರೆ ಭಕ್ತಿಗೆ ಕುಂದಾ ಅನ್ನುವ ಪ್ರಶ್ನೆಗೂ ಅವನು ಉತ್ತರ ಬರೆದಿದ್ದಾನೆ: ವೈದ್ಯವಿದ್ಯೆ ದೇವರು ಕೊಟ್ಟದ್ದು, ಬಳಸಿ, ಆದರೆ ಇಡೀ ಭರವಸೆಯನ್ನು ಅದರ ಮೇಲೇ ಇಡಬೇಡಿ. ಪ್ರಾರ್ಥನೆಯೋ ಮಾತ್ರೆಯೋ ಅನ್ನುವ ಜಗಳ ಅಷ್ಟು ಹಳೆಯದು.

ಒಟ್ಟು ನೋವು

ಜಾಸ್ತಿ ಹೊತ್ತು ಹಿಡಿದದ್ದು ಇದು. ಸಿಸಿಲಿ ಸಾಂಡರ್ಸ್ ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಆಮೇಲೆ ಡಾಕ್ಟರ್. 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟಫರ್ಸ್ ಹಾಸ್ಪಿಸ್ (ಸಾಯುವ ಹಂತದ ರೋಗಿಗಳ ಆರೈಕೆಯ ಮನೆ) ಶುರು ಮಾಡಿದರು. ಸಾಯುವ ಹಂತದ ರೋಗಿಯ ನೋವಿಗೆ ನಾಲ್ಕು ಮುಖ ಅಂತ ಅವರು ಹೇಳಿದರು, ಇವೆಲ್ಲ ಸೇರಿದ್ದನ್ನೇ 'ಒಟ್ಟು ನೋವು' ಅಂದರು: ದೇಹದ್ದು, ಮನಸ್ಸಿನದು, ಸಾಮಾಜಿಕ, ಆತ್ಮಿಕ. ಇದನ್ನು ಓದಿದ ಕೂಡಲೇ ನಾಲ್ಕು ವಿಭಾಗ ಮಾಡಿಬಿಡುವ ಆಸೆ ಬರುತ್ತದೆ. ಡಾಕ್ಟರಿಗೆ ಒಂದು, ಕೌನ್ಸೆಲರ್‌ಗೆ ಒಂದು, ಸಮಾಜ ಕಾರ್ಯಕರ್ತರಿಗೆ ಒಂದು, ಪಾದ್ರಿಗೆ ಒಂದು. ಹಾಗೆ ಹಂಚಿದರೆ ಸಾಂಡರ್ಸ್ ಹೇಳಿದ್ದೇ ಕೈತಪ್ಪಿ ಹೋಗುತ್ತದೆ, ಯಾಕೆಂದರೆ ರೋಗಿಗೆ ಆಗುವುದು ಒಂದೇ ನೋವು.

ಒಬ್ಬ ತಂದೆಯನ್ನು ಯೋಚಿಸಿ, ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿದೆ. ಹಗಲು ಹೇಗೋ ಕಳೆಯುತ್ತದೆ. ರಾತ್ರಿ ನೋವು ಏರುತ್ತದೆ. ಸಂಜೆಯಿಂದ ರಾತ್ರಿಗೆ ಗೆಡ್ಡೆ ದೊಡ್ಡದಾಗಿಬಿಟ್ಟಿರುವುದಿಲ್ಲ, ಆದರೆ ಸಾಲ ಯಾರು ತೀರಿಸುತ್ತಾರೆ, ಮಾತು ಬಿಟ್ಟ ಮಗ ಬರುತ್ತಾನಾ, ದೇವರು ಕೈಬಿಟ್ಟನಾ ಅನ್ನುವುದೆಲ್ಲ ಅದೇ ಹೊತ್ತಿಗೆ ಬರುತ್ತದೆ. ಆಗ ಡೋಸ್ ಏರಿಸುತ್ತಾ ಹೋದರೂ ನೋವು ಪೂರ್ತಿ ತಗ್ಗದೇ ಇರಬಹುದು. ಇದು ಒಂದು ದಿಕ್ಕು. ಇನ್ನೊಂದು ದಿಕ್ಕನ್ನು ನಾವು ಸುಮ್ನೆ ದಾಟಿಬಿಡುತ್ತೇವೆ: ನರಳುತ್ತಿರುವವನಿಗೆ ಮಗನ ಜೊತೆ ರಾಜಿಯ ಮಾತಾಡಲು ಆಗುವುದಿಲ್ಲ, ಪ್ರಾರ್ಥನೆಯೂ ಆಗುವುದಿಲ್ಲ. ಅದಕ್ಕೇ ನೋವು ಮರಳಿ ಬರುವವರೆಗೆ ಕಾಯಬೇಡಿ, ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಮಾರ್ಫಿನ್ ಕೊಡಿ ಅಂತ ಸಾಂಡರ್ಸ್ ಪಟ್ಟು ಹಿಡಿದದ್ದು. ಆತ್ಮಿಕ ಆರೈಕೆಯ ಹೆಸರಲ್ಲಿ ಮಾರ್ಫಿನ್ ಕಡಿಮೆ ಮಾಡುವವರಿಗೆ ಈ ಚಿಂತನೆ ಅರ್ಥವಾಗಿಲ್ಲ ಅಂತಲೇ ನನ್ನ ಅನಿಸಿಕೆ.

ಮಾರ್ಕ 5ನ್ನು ಕೇಸ್ ಶೀಟ್ ತರಹ ಓದಿ

ನನಗೆ ವಿಷಯ ಗಟ್ಟಿಯಾದದ್ದು ಇಲ್ಲಿ (ಬೈಬಲ್‌ನ ಮಾರ್ಕನ ಸುವಾರ್ತೆ, 5ನೇ ಅಧ್ಯಾಯ, 25ರಿಂದ 34ನೇ ವಚನ). ಹನ್ನೆರಡು ವರ್ಷದಿಂದ ರಕ್ತಸ್ರಾವ ಇರುವ ಹೆಂಗಸು. ಬಹಳ ವೈದ್ಯರನ್ನು ಕಂಡಿದ್ದಾಳೆ, ಇದ್ದದ್ದೆಲ್ಲ ಖರ್ಚಾಗಿದೆ, ರೋಗ ಇನ್ನೂ ಜಾಸ್ತಿಯಾಗಿದೆ. ಯೆಹೂದ್ಯರ ಧರ್ಮನಿಯಮ ಇರುವ ಯಾಜಕಕಾಂಡ 15ರ ಪ್ರಕಾರ ಅವಳು ಅಶುದ್ಧಳು, ಅವಳು ಕೂತ ಜಾಗ ಮುಟ್ಟಿದವರೂ ಅಶುದ್ಧರು. ಈಗ ಬಡತನವನ್ನು ರೋಗದಿಂದ ಬೇರೆ ಮಾಡಿ ನೋಡೋಣ. ಆಗುತ್ತಾ? ಚಿಕಿತ್ಸೆಯೇ ಬಡತನಕ್ಕೆ ಕಾರಣ. ಒಂಟಿತನಕ್ಕೆ ಕಾರಣ ದೇಹದ ಲಕ್ಷಣ.

29ನೇ ವಚನದಲ್ಲೇ ರಕ್ತ ನಿಲ್ಲುತ್ತದೆ. ದೇಹ ಮಾತ್ರ ಮುಖ್ಯ ಅಂದಿದ್ದರೆ ಕಥೆ ಅಲ್ಲಿಗೆ ಮುಗಿಯಬೇಕಿತ್ತು ಅಲ್ವಾ? ಆದರೆ ಯೇಸು ನಿಲ್ಲುತ್ತಾನೆ, ಅದೂ ಯಾಯೀರ ಎಂಬ ಸಭಾಮಂದಿರದ ಅಧಿಕಾರಿಯ ಸಾಯುತ್ತಿರುವ ಮಗಳನ್ನು ನೋಡಲು ಹೊರಟಿರುವಾಗ. ಮುಟ್ಟಿದ್ದು ಯಾರು ಅಂತ ಕೇಳುತ್ತಾನೆ. ಅವಳು ನಡುಗುತ್ತಾ ಎಲ್ಲವನ್ನೂ ಹೇಳುತ್ತಾಳೆ, ಅವನು ಪೂರ್ತಿ ಕೇಳಿಸಿಕೊಂಡು, ಜನರ ಮುಂದೆ 'ಮಗಳೇ' ಅನ್ನುತ್ತಾನೆ. ಗುಟ್ಟಾಗಿ ವಾಸಿಯಾಗಿ ಹೋಗಿದ್ದರೆ ಊರಿನ ಪಾಲಿಗೆ ಅವಳು ಅಶುದ್ಧಳೇ.

ಇದರಿಂದ ನಾನು ಮಾಡಿಕೊಂಡ ಶಾರ್ಟ್‌ಕಟ್: ಯಾವ ಕೇಸ್ ಬಂದರೂ, ಇದೊಂದು ಸರಿಹೋದರೆ ಇನ್ನೇನು ನೋಯುತ್ತಾ ಉಳಿಯುತ್ತದೆ ಅಂತ ಕೇಳಿ. ನಾಲ್ಕು ಹೆಸರು ಬಾಯಿಪಾಠ ಮಾಡುವುದಕ್ಕಿಂತ ಇದು ಬೇಗ ದಾರಿ ತೋರಿಸುತ್ತದೆ.

ಉಳಿದ ಎರಡು ಮಾತು

ಪಾಪದಿಂದಲೇ ರೋಗ ಬಂತಾ? ಯೋಹಾನ 9ರಲ್ಲಿ ಹುಟ್ಟುಕುರುಡನ ಬಗ್ಗೆ ಶಿಷ್ಯರು ಇದನ್ನೇ ಕೇಳುತ್ತಾರೆ, ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಅಂತ ಉತ್ತರ ಬರುತ್ತದೆ. ನಂಬಿಕೆ ಸಾಲದ್ದಕ್ಕೆ ವಾಸಿಯಾಗಲಿಲ್ಲ ಅನ್ನುವವರು 2 ಕೊರಿಂಥ 12 ಓದಬೇಕು. ಆ ಪತ್ರ ಬರೆದ ಪೌಲ ಮೂರು ಸಲ ಬೇಡಿದರೂ, ಅವನು 'ಮುಳ್ಳು' ಅಂತ ಕರೆದ ಬಾಧೆ ಹೋಗಲಿಲ್ಲ.

ಇನ್ನೊಂದು, ಒಪ್ಪಿಗೆ. ಡಾಕ್ಟರ್ ಕೈಯಲ್ಲಿ ಚಿಕಿತ್ಸೆ ಇರುವಾಗ ದೇವರ ಮಾತು, ಪ್ರಾರ್ಥನೆ 'ಬೇಡ' ಅನ್ನುವುದು ರೋಗಿಗೆ ಸುಲಭವಲ್ಲ. ಲೂಕ 10ರ ಕಥೆಯಲ್ಲಿ ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನಿಗೆ ಸಮಾರ್ಯದವನು ಗಾಯ ಕಟ್ಟಿದ, ಛತ್ರಕ್ಕೆ ಸೇರಿಸಿದ, ಖರ್ಚಿಗೆ ಎರಡು ದಿನಾರಿ (ಬೆಳ್ಳಿ ನಾಣ್ಯ) ಕೊಟ್ಟ. ಬಿದ್ದವನ ಧರ್ಮ ಕೇಳಲಿಲ್ಲ. ಹಾಗಾಗಿ 'ಕಷ್ಟದಲ್ಲಿ ನಿಮಗೆ ಬಲ ಎಲ್ಲಿಂದ ಬರುತ್ತದೆ?' ಅಂತ ಕೇಳಬಹುದು. ಅವರೇ ಮಾತು ಮುಂದುವರಿಸಿದರೆ ಕೇಳಿಸಿಕೊಳ್ಳಿ. ಬೇಡ ಅಂದರೆ ಅಲ್ಲಿಗೇ ಬಿಟ್ಟು, ಮುಂದಿನ ಡೋಸ್ ಎಷ್ಟು ಹೊತ್ತಿಗೆ ಅಂತ ನೋಡಿ.