ಬೆಂಕಿಕಡ್ಡಿ ಸೇತುವೆಯಲ್ಲಿ ಮೊದಲು ಸೋಲುವುದು ಯಾವ ಕಡ್ಡಿ?

ಬೆಂಕಿಕಡ್ಡಿ ಸೇತುವೆಯ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಹೋದಾಗಲೆಲ್ಲ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಮಾದರಿ ಎಷ್ಟು ಕಿಲೋ ಹೊತ್ತಿತು ಎಂಬುದನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಯಾವ ಕಡ್ಡಿ ಮೊದಲು ಸೋತಿತು, ಹೇಗೆ ಸೋತಿತು ಎಂದು ನೋಡುವವರು ತೀರಾ ಕಡಿಮೆ. ಕಲಿಯಬೇಕಾದದ್ದೆಲ್ಲ ಇರುವುದು ಅಲ್ಲಿಯೇ.

ನಾಲ್ಕು ಕಡ್ಡಿಗಳ ಚೌಕ ತಳ್ಳಿದರೆ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಟ್ರಸ್ ಸೇತುವೆಗಳು, ಅಂದರೆ ಕಡ್ಡಿಗಳನ್ನು ಜೋಡಿಸಿದ ಚೌಕಟ್ಟಿನ ಸೇತುವೆಗಳು, ಸಾಮಾನ್ಯವಾಗಿ ತ್ರಿಕೋನಗಳ ಸಾಲಾಗಿರುವುದು ಇದರಿಂದಲೇ. ಇಷ್ಟು ಮಕ್ಕಳಿಗೂ ಗೊತ್ತು. ಎರಡು ಮೇಜುಗಳ ನಡುವೆ ಇಟ್ಟ ಸೇತುವೆಯ ಮಧ್ಯಕ್ಕೆ ಭಾರ ಬಿದ್ದಾಗ ಕೆಳಗಿನ ತೊಲೆ ಎಳೆತಕ್ಕೆ ಒಳಗಾಗುತ್ತದೆ, ಮೇಲಿನ ತೊಲೆ ಒತ್ತಡಕ್ಕೆ. ಜೋಡಣೆ ಗಟ್ಟಿಯಾಗಿದ್ದರೆ ಎಳೆತವನ್ನು ಕಡ್ಡಿ ಚೆನ್ನಾಗಿಯೇ ತಾಳುತ್ತದೆ. ತೊಂದರೆ ಬರುವುದು ಒತ್ತಡದಿಂದ.

ಪ್ಲಾಸ್ಟಿಕ್ ಅಡಿಪಟ್ಟಿಯೊಂದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿ ನೋಡಿ. ಅದು ಜಜ್ಜಿಹೋಗುವುದಿಲ್ಲ, ಪಕ್ಕಕ್ಕೆ ಬಾಗುತ್ತದೆ. ಅದರ ನಡುವನ್ನು ಎರಡು ಬೆರಳುಗಳಿಂದ ಹಿಡಿದುಕೊಂಡು ಮತ್ತೆ ಒತ್ತಿದರೆ ಎಷ್ಟೋ ಹೆಚ್ಚು ಭಾರ ತಾಳುತ್ತದೆ. ಇದರ ಲೆಕ್ಕವನ್ನು 18ನೇ ಶತಮಾನದಲ್ಲೇ ಗಣಿತಜ್ಞ ಆಯ್ಲರ್ ಕೊಟ್ಟಿದ್ದಾರೆ: ಆಧಾರವಿಲ್ಲದ ಉದ್ದ ಅರ್ಧವಾದರೆ, ಬಾಗದೆ ಹೊರುವ ಭಾರ ನಾಲ್ಕು ಪಟ್ಟಾಗುತ್ತದೆ. ದಪ್ಪದ ಲೆಕ್ಕ ಇನ್ನೂ ಸೊಗಸು. ನಾಲ್ಕು ಕಡ್ಡಿಗಳನ್ನು ಎರಡರ ಮೇಲೆ ಎರಡರಂತೆ ಒಂದೇ ಕಂಬವಾಗುವ ಹಾಗೆ ಅಂಟಿಸಿದರೆ, ಬಾಗುವಿಕೆಯನ್ನು ತಡೆಯುವ ಬಿಗಿ ಒಂಟಿ ಕಡ್ಡಿಗಿಂತ ಹದಿನಾರು ಪಟ್ಟು. ಅದೇ ನಾಲ್ಕನ್ನು ಸಾಲಾಗಿ, ಪಟ್ಟಿಯಂತೆ ಅಂಟಿಸಿದರೆ ತೆಳುವಾದ ದಿಕ್ಕಿನಲ್ಲಿ ಬರೀ ನಾಲ್ಕು ಪಟ್ಟು, ಮತ್ತು ಕಡ್ಡಿ ಬಾಗುವುದು ಆ ದಿಕ್ಕಿಗೇ. ಆದ್ದರಿಂದ ಇನ್ನಷ್ಟು ಕಡ್ಡಿ ಸುರಿಯುವ ಮೊದಲು ಎರಡೂ ಬದಿಯ ಮೇಲಿನ ತೊಲೆಗಳನ್ನು ಅಡ್ಡಕಡ್ಡಿ, ಓರೆಕಡ್ಡಿಗಳಿಂದ ಒಂದಕ್ಕೊಂದು ಬಿಗಿಯಿರಿ. ನಾನು ನೋಡಿದ ಮಾದರಿಗಳಲ್ಲಿ ಹೆಚ್ಚಿನವು ಈ ಬಿಗಿತವಿಲ್ಲದೆ ಪಕ್ಕಕ್ಕೆ ಹೊರಳಿಯೇ ಸೋತವು.

ಇದನ್ನು ಆಟಿಕೆಯ ಸಮಸ್ಯೆ ಎಂದುಕೊಳ್ಳಬಾರದು. ಕೆನಡಾದ ಕ್ವಿಬೆಕ್ ಸೇತುವೆ ಕಟ್ಟುತ್ತಿರುವಾಗಲೇ 1907ರ ಆಗಸ್ಟ್ 29ರಂದು ಕುಸಿದು 75 ಕಾರ್ಮಿಕರು ಸತ್ತರು. ಅದು ಕಂಬಗಳಿಂದ ತೋಳಿನಂತೆ ಹೊರಚಾಚುವ ಕ್ಯಾಂಟಿಲಿವರ್ ಸೇತುವೆಯಾದ್ದರಿಂದ ಅಲ್ಲಿ ಒತ್ತಡ ಕೆಳಗಿನ ತೊಲೆಗಳ ಮೇಲಿತ್ತು. ಆ ತೊಲೆಗಳ ಉಕ್ಕಿನ ಫಲಕಗಳನ್ನು ಒಟ್ಟಿಗೆ ಹಿಡಿದಿಡಬೇಕಿದ್ದ ಜಾಲಪಟ್ಟಿಗಳು ಸಾಕಷ್ಟು ಬಲವಾಗಿರಲಿಲ್ಲ. ಕುಸಿಯುವುದಕ್ಕೆ ಎಷ್ಟೋ ದಿನ ಮುಂಚೆಯೇ ತೊಲೆಗಳು ಬಾಗಿದ್ದು ಕಣ್ಣಿಗೆ ಬಿದ್ದಿತ್ತು; ಕೆಲಸ ಮಾತ್ರ ನಿಲ್ಲಲಿಲ್ಲ.

ಸಾಮಗ್ರಿಯ ಬಗ್ಗೆ ಎರಡು ಮಾತು. ಮೇಣದ ಕಡ್ಡಿ ಬೇಡ, ಮರದ್ದೇ ಬೇಕು. ಮದ್ದಿಲ್ಲದ ಕಡ್ಡಿಗಳು ಕರಕುಶಲ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತವೆ, ಮದ್ದು ಕತ್ತರಿಸುವ ಅಪಾಯ ಮಕ್ಕಳಿಗೆ ಬೇಡ. ತುದಿಗೆ ತುದಿ ತಾಗಿಸಿದ ಜೋಡಣೆ ನಿಲ್ಲುವುದಿಲ್ಲ, ಒಂದರ ಪಕ್ಕಕ್ಕೆ ಇನ್ನೊಂದನ್ನು ಒತ್ತಿ ಅಂಟಿಸಬೇಕು. ಫೆವಿಕಾಲ್‌ನಂಥ ಬಿಳಿ ಅಂಟಿಗೆ ಇಡೀ ಒಂದು ದಿನ ಒಣಗಲು ಬಿಡಿ.

ಪರೀಕ್ಷೆಗೆ ಕೊಕ್ಕೆಯಲ್ಲಿ ಬಕೆಟ್ ತೂಗುಹಾಕಿ, ಮರಳನ್ನು ನಿಧಾನವಾಗಿ ಸುರಿಯಿರಿ. ಕೊಕ್ಕೆಯ ಭಾರ ಒಂದೇ ಕಡ್ಡಿಯ ಮೇಲೆ ಬೀಳದಂತೆ ಕೊಕ್ಕೆಗೂ ಕಡ್ಡಿಗಳಿಗೂ ನಡುವೆ ಮರದ ತುಂಡು ಇರಲಿ. ಪ್ರತಿ ಕಿಲೋಗೂ ಸೇತುವೆ ಎಷ್ಟು ಮಿಲಿಮೀಟರ್ ತಗ್ಗಿತು ಎಂದು ಬರೆದಿಡಿ, ಮೊಬೈಲ್‌ನಲ್ಲಿ ನಿಧಾನಗತಿಯ ವಿಡಿಯೊ ಹಿಡಿಯಿರಿ. ಮುರಿದ ಮೇಲೆ ತುಂಡುಗಳನ್ನು ಗುಡಿಸಿಬಿಡಬೇಡಿ. ಬಿಟ್ಟುಹೋದ ಜೋಡಣೆಯಲ್ಲಿ ಮರದ ನಾರು ಕಿತ್ತು ಬಂದಿದ್ದರೆ ಅಂಟು ತನ್ನ ಕೆಲಸ ಮಾಡಿದೆ. ನುಣುಪಾದ ಅಂಟಿನ ಪದರ ಮಾತ್ರ ಕಂಡರೆ ಅದು ಮರಕ್ಕೆ ಹಿಡಿದೇ ಇರಲಿಲ್ಲ.

ಸ್ಪರ್ಧೆ ನಡೆಸುವ ಶಿಕ್ಷಕರಲ್ಲಿ ನನ್ನ ಕೋರಿಕೆ ಇದು: ಭಾರ ಹಾಕುವ ಮೊದಲು ಪ್ರತಿ ತಂಡವೂ ತನ್ನ ಸೇತುವೆಯಲ್ಲಿ ಮೊದಲು ಸೋಲುವ ಕಡ್ಡಿಗೆ ಕೆಂಪು ಗುರುತು ಹಾಕಲಿ, ಕಾರಣವನ್ನು ಒಂದು ಸಾಲಿನಲ್ಲಿ ಬರೆಯಲಿ. ಒಟ್ಟು ಅಂಕಗಳಲ್ಲಿ ಅರ್ಧವನ್ನು ಆ ಊಹೆಗೆ ಮೀಸಲಿಡಿ.